ಬಂಡಿ ನಿಲ್ಲುವ ಜಾಗ

"ಬಾಯಾಗೇನೇ ಅದು? ಉಗಿಯೇ ಮುಂಡೆ! ಕುಟ್ಟಕ್ಕೆ ಕರೆದ್ರೆ ಮುಕ್ಕಕ್ಕೆ ಬಂದವ್ಳೆ!"

ಜಗಲಿ ಮೇಲಿಂದ ಕದಿರಣ್ಣ ಕೂಗಿದ. ಕೆಳಗೆ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದ ನಾವು ಎಂಟೂ ಜನ ಒಟ್ಟಿಗೆ ಬಾಯಿ ಮುಚ್ಚಿಕೊಂಡೆವು. ಯಾಕೆಂದರೆ ಎಂಟೂ ಬಾಯಲ್ಲಿ ಹುಣಸೆಹಣ್ಣಿತ್ತು. ಬೈಸಿಕೊಂಡವಳು ಮಾತ್ರ ಮೌನಿಕಾ, ದಿನ ತುಂಬಿದ ಬಸುರಿ.

ಅವಳ ಅತ್ತೆ ಗಂಗುಲಮ್ಮ ನಿಧಾನವಾಗಿ ನುಂಗಿ ಹೇಳಿದಳು: "ಬಸ್ರಿ ಹೆಂಗ್ಸು ಕಣಪ್ಪ. ಒಂದು ಚೂರು ಬಾಯಿಗಾಕ್ಕೊಂಡ್ರೆ ನಿಮ್ ಹಿಂದೂಪುರದ ವ್ಯಾಪಾರ ಮುಳುಗೋಯ್ತದಾ?"

"ಒಂದು ಚೂರಾ? ಒಂಬತ್ತು ತಿಂಗ್ಳಿಂದ ನನ್ ಹಣ್ಣು ತಿಂದೇ ಆ ಹೊಟ್ಟೆ ಬೆಳೆಸವ್ಳೆ!"

"ಹಂಗಾರೆ ಮಗೀಗೆ ನಿಮ್ ಹೆಸ್ರೇ ಇಡ್ತೀವಿ ಬಿಡಿ."

ಉಡುಸಲಮ್ಮನಿಗೆ ನಗು ತಡೆಯದೆ ಬಾಯಲ್ಲಿದ್ದದ್ದು ಹೊರಗೆ ಹಾರಿತು. ಕದಿರಣ್ಣ ಕೆಮ್ಮಿ ಆ ಕಡೆ ತಿರುಗಿದ.

ಆ ಜಗಲಿಯ ಕಾನೂನು ಹೀಗೆ: ನಾವು ಕುಟ್ಟಿದ ಹಣ್ಣು ಜಗಲಿ ಹತ್ತಬಹುದು, ಒಳಗೆ ಹೋಗಬಹುದು, ಸಾರಾಗಿ ಕದಿರಣ್ಣನ ಹೊಟ್ಟೆಯನ್ನೂ ಸೇರಬಹುದು. ಕುಟ್ಟಿದ ಕೈ ಮಾತ್ರ ಜಗಲಿಯ ಅಂಚನ್ನೂ ತಾಕುವಂತಿಲ್ಲ. ನಾವು ಊರ ಹೊರಗಿನ ಕಾಲನಿಯವರು.

ಇಂಥ ಜಗಲಿ ಹೋದ ವರ್ಷ ಕಂಪ್ಯೂಟರ್ ಹತ್ತಿತು. ಹಿಂದೂಪುರದ ಯಾವುದೋ ಸಂಸ್ಥೆಯ ಸುರೇಂದ್ರ ಎಂಬವನು ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಿದ್ದ. ಬಸುರಿ ಹೆಂಗಸರಿಗೊಂದು ವೆಬ್‌ಸೈಟು, ಹೆಸರು 'ತಲ್ಲಿ ಬಂಡಿ', ತೆಲುಗಿನಲ್ಲಿ ತಾಯಿಯ ವ್ಯಾನು. ನರ್ಸಮ್ಮ ಫೋನ್ ಮಾಡಿದರೆ ಆಫೀಸಿನವರು ವೆಬ್‌ಸೈಟಿನಲ್ಲಿ ಒತ್ತುತ್ತಾರೆ, ಹತ್ತಿರವಿರುವ ಬಂಡಿ ಹೊರಡುತ್ತದೆ. ಕಲ್ಯಾಣದುರ್ಗದ ಕಡೆ ಆಗಲೇ ಓಡುತ್ತಿದೆಯಂತೆ.

"ಊರಿಗೊಂದೇ ಜಾಗ ಸಾರ್, ಬಂಡಿ ನಿಲ್ಲೋಕೆ. ಕಾಲನಿ ಹತ್ರ ಹಾಕ್ಲಾ?"

"ಕಾಲ್ನೀನಾ? ಥೂ! ನಮ್ ಜಗಲಿ ಹಾಕು. ಫೋಟೋ ಹಾಕು. ನನ್ ಹೆಸ್ರೂ ಹಾಕು, ದಪ್ಪಕ್ಷರದಾಗೆ."

ಸುರೇಂದ್ರ ಹಾಕಿದ. ಊರಿನ ಸರಪಂಚಿ ನಿಜಕ್ಕೂ ಕದಿರಣ್ಣನ ಹೆಂಡತಿ ದ್ರಾಕ್ಷಾಯಣಮ್ಮ. ಹೆಂಗಸರ ಸೀಟು ಬಂದಾಗ ಸರ ಅವಳ ಕೊರಳಿಗೆ ಬಿತ್ತು, ಪಂಚಾಯ್ತಿ ಇವನ ಪಂಚೆಗೆ.

ಸುಳ್ಳು ಟ್ರಿಪ್ ಹೊಡೆಯಬಾರದೆಂದು ವೆಬ್‌ಸೈಟಿನವರು ಒಂದು ನಿಯಮ ಮಾಡಿದ್ದರು. ಬಸುರಿ ಆ ಜಾಗದಲ್ಲೇ ಕೂತಿರಬೇಕು, ಡ್ರೈವರು ಫೋಟೋ ಹಿಡಿದು ಕಳಿಸಬೇಕು, ಆಮೇಲೆ ಬಂಡಿ. ಸಂಕ್ರಾಂತಿಯ ಹಿಂದಿನ ವಾರ ನಮ್ಮ ಕೃಷ್ಣವೇಣಿಗೆ ನೋವು ಬಂತು. ಬಂಡಿಯೂ ಬಂತು. ಕೃಷ್ಣವೇಣಿ ಜಗಲಿ ಎದುರಿನ ಬೇವಿನ ಮರದ ಕೆಳಗಿದ್ದಳು. ಜಗಲಿ ಹತ್ತಲು ಕದಿರಣ್ಣ ಬಿಡಲಿಲ್ಲ. ಅವತ್ತಿನ ಡ್ರೈವರು ಹತ್ತು ನಿಮಿಷ ಕಾದ, 'ಬಸುರಿ ಜಾಗದಲ್ಲಿಲ್ಲ' ಅಂತ ಒತ್ತಿದ, ಹೋದ. ಕೂಸು ಗೋರಂಟ್ಲದ ದಾರಿಯಲ್ಲಿ ಎತ್ತಿನ ಗಾಡಿಯಲ್ಲಿ ಹುಟ್ಟಿತು. ಅಳಲಿಲ್ಲ.

ಈಗ ಮೌನಿಕಾಳ ಕೈಯಿಂದ ಕೊಡತಿ ಜಾರಿ ಬಿತ್ತು.

"ಅತ್ತೆ... ನೀರೋಯ್ತು."

ಸ್ಕೂಲಿನ ಹತ್ತಿರ ಮಕ್ಕಳಿಗೆ ಸೂಜಿ ಚುಚ್ಚುತ್ತಿದ್ದ ನರ್ಸಮ್ಮ ಭ್ರಮರಾಂಬ ಓಡಿ ಬಂದಳು. ಕೈಗೆ ಪಟ್ಟಿ ಸುತ್ತಿ ಬೀಪಿ ನೋಡಿದಳು, ಮುಖ ಸಣ್ಣಗೆ ಮಾಡಿದಳು, ಫೋನ್ ಹಚ್ಚಿದಳು.

"ಬುಕ್ಕಾಯ್ತು. ಬಂಡಿ ಗೋರಂಟ್ಲ ಬಿಡ್ತು. ಬೀಪಿ ಸಿಕ್ಕಾಪಟ್ಟೆ ಇದೆ, ಇವಳು ಹಿಂದೂಪುರದ ದೊಡ್ಡಾಸ್ಪತ್ರೆಗೇ ಹೋಗ್ಬೇಕು. ಈ ಸಲ ಎತ್ತಿನ ಗಾಡಿ ಅಂದ್ರೆ ತಾಯೀನೂ ಉಳಿಯಲ್ಲ ಗಂಗುಲಮ್ಮ. ಜಗಲಿ ಮೇಲೆ ಕೂರ್ಸಿ."

"ಯಾವನ್ ಜಗಲಿ ಮೇಲೆ?" ಕದಿರಣ್ಣ ದೊಣ್ಣೆ ಹಿಡಿದು ಎದ್ದ. "ಕಾಲಿಟ್ಟೋಳ ಕಾಲ್ ಮುರೀತೀನಿ. ಹೆರಿಗೆ ಮೈಲಿಗೆ ಬೇರೆ, ಥೂ! ಬೇವಿನ ಮರದ ಕೆಳ್ಗೆ ಬಿದ್ಕೊಳ್ಳಿ."

ಬೇವಿನ ಮರ ಎಂದ ಕೂಡಲೇ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಂಗುಲಮ್ಮ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಬಗ್ಗಿದಳು. ಬೀಜ ಬಿಡಿಸಿದ ಹುಣಸೆಹಣ್ಣನ್ನು ಕುಂಬಳಕಾಯಿ ಗಾತ್ರದ ಉಂಡೆ ಮಾಡಿ, ಗೋಣಿಚೂರಲ್ಲಿ ಸುತ್ತಿ, ಸೀರೆಯೊಳಗೆ ಹೊಟ್ಟೆಗೆ ಕಟ್ಟಿಕೊಂಡಳು. ಸೊಂಟದ ಮೇಲೆ ಕೈಯಿಟ್ಟು "ಅಮ್ಮಾ..." ಎಂದು ನರಳಿದಳು.

"ನಂಗೂ ಒಂಬತ್ತು ತುಂಬ್ತು ಕಣಪ್ಪ."

ಗಂಡ ಸತ್ತು ಇಪ್ಪತ್ತು ವರ್ಷವಾದ ಗಂಗುಲಮ್ಮ!

"ಲೇ ಮುದಿ ಮುಂಡೆ, ಯಾವನೇ ಮಾಡಿದ್ದು?"

"ಮಗೀಗೆ ಇಡೋ ಹೆಸ್ರು ಆಗ್ಲೇ ಹೇಳ್ಲಿಲ್ವಾ?"

ಆಮೇಲೆ ಅಂಗಳದಲ್ಲಿ ಬಸುರಿನ ಸುಗ್ಗಿ. ಒಬ್ಬಳಿಗೆ ಐದು ತಿಂಗಳು, ಒಬ್ಬಳಿಗೆ ಏಳು, ಸಣ್ಣಕ್ಕನ ಉಂಡೆ ಪಕ್ಕಕ್ಕೆ ಜಾರಿ ಅವಳಿಗೆ ಸೊಂಟದಲ್ಲಿ ಬಸುರು. ಮೌನಿಕಾಳನ್ನು ನಡುವೆ ಹಿಡಿದುಕೊಂಡು ನಾವು ಎಂಟು ಬಸುರಿಯರು ಮೆಟ್ಟಿಲು ಹತ್ತಿದೆವು. ಜಗಲಿ ತಣ್ಣಗಿತ್ತು. ಇಷ್ಟು ತಣ್ಣಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಕದಿರಣ್ಣ ದೊಣ್ಣೆ ಎತ್ತಿದ.

"ಹೊಡಿ," ಅಂದಳು ಗಂಗುಲಮ್ಮ. "ಯಾವ್ದು ಹುಣಸೆ, ಯಾವ್ದು ಕೂಸು ಅಂತ ನೋಡ್ಕೊಂಡು ಹೊಡಿ."

ದೊಣ್ಣೆ ಮೇಲೇ ನಿಂತಿತು. ಅಷ್ಟರಲ್ಲಿ ಮೇಲಿನ ಬೀದಿಯ ಜನ ಕಾಂಪೌಂಡಿನ ಮೇಲೆ ತಲೆ ಸಾಲು ಮಾಡಿದ್ದರು. ಬಸುರಿ ಹೊಟ್ಟೆಗೆ ಏಟು ಹಾಕಿದವನ ಮನೆ ಏಳಿಗೆಯಾಗುವುದಿಲ್ಲ ಎಂದು ಅವರೂ ನಂಬುತ್ತಾರೆ, ಇವನೂ ನಂಬುತ್ತಾನೆ. ಸರಿ, ಎಳೆದು ಹಾಕೋಣವೆಂದರೆ ಮುಟ್ಟಬೇಕು. ಮುಟ್ಟಿದರೆ ತಲೆಗೆ ನೀರು ಹುಯ್ದುಕೊಳ್ಳಬೇಕು. ಎಂಟು ಸಲ. ಆಳುಗಳನ್ನು ಕೂಗಿದ. ಆಳುಗಳು ಯಾರು? ನಮ್ಮ ಗಂಡಂದಿರು. ದನದ ಕೊಟ್ಟಿಗೆಯೊಳಗೆ ಒಬ್ಬೊಬ್ಬರಿಗೂ ಒಂದೊಂದು ಅರ್ಜೆಂಟ್ ಕೆಲಸ ಬಂದುಬಿಟ್ಟಿತು.

ಉಡುಸಲಮ್ಮ ಕುಂಡಿ ಸರಿಸಿ ಒಂದು ಗೇಣು ಅವನ ಕಡೆ ಬಂದಳು. ಅವನು ಒಂದು ಗೇಣು ಹಿಂದೆ ಸರಿದ. ಇನ್ನೊಂದು ಗೇಣು. ಇನ್ನೊಂದು. ಹೀಗೆ ಸರಿದು ಸರಿದು ಕದಿರಣ್ಣ ಮೆಟ್ಟಿಲಿಳಿದು ಅಂಗಳದಲ್ಲಿ, ಹುಣಸೆಬೀಜಗಳ ನಡುವೆ ನಿಂತ.

"ನಗಿಸ್ಬ್ಯಾಡ್ರೇ," ಅಂದಳು ಮೌನಿಕಾ, ನೋವಿಗೆ ಹಲ್ಲು ಕಚ್ಚಿ. "ನಿಮ್ ದಮ್ಮಯ್ಯ, ಇಲ್ಲೇ ಹುಟ್ಬುಡ್ತದೆ!"

ಬಂಡಿ ಬಂತು. ಡ್ರೈವರು ಮುತ್ತುರಾಜ್ ಫೋನ್ ಹಿಡಿದು ಇಳಿದವನು ಜಗಲಿ ನೋಡಿ ಅಲ್ಲೇ ನಿಂತ.

"ಇಂತಮಂದಾ? ಇಷ್ಟು ಜನಾನಾ? ಇದು ಬಂಡಿ ಕಣಮ್ಮ, ರೈಲಲ್ಲ!"

"ನಡುವೆ ಇರೋಳು ಒಬ್ಳೇ ಕಣಯ್ಯ. ಬೇಗ ಹಿಡಿ," ಅಂದಳು ಭ್ರಮರಾಂಬ.

ಮುತ್ತುರಾಜ್ ಹಿಡಿಯಲು ಹೋದ. ಅಡ್ಡ ಕದಿರಣ್ಣ. "ಸಾರ್, ಪಕ್ಕಕ್ಕೆ ಬನ್ನಿ. ಬಸ್ರಿ ಮಾತ್ರ ಬೇಕು, ನೀವಲ್ಲ."

ಕಾಂಪೌಂಡಿನ ಮೇಲಿನ ತಲೆಗಳೂ ನಕ್ಕವು. ಫೋಟೋ ಹೋಯಿತು, ಬಾಗಿಲು ತೆರೆಯಿತು. ಮೌನಿಕಾಳನ್ನು ಮಲಗಿಸಿದೆವು. ಜೊತೆಗೆ ಹೊರಟ ಗಂಗುಲಮ್ಮ ಬಂಡಿ ಹತ್ತುವ ಮುಂಚೆ ಹೊಟ್ಟೆಯ ಕಟ್ಟು ಬಿಚ್ಚಿದಳು. ಉಂಡೆ ದಪ್ಪೆಂದು ಕದಿರಣ್ಣನ ಕಾಲ ಬುಡದಲ್ಲಿ ಬಿತ್ತು.

"ಹೆತ್ತೆ ಕಣಪ್ಪ. ತಗೋ, ಎತ್ಕೋ."

ಬಂಡಿ ಹಿಂದೂಪುರದ ಕಡೆ ಧೂಳೆಬ್ಬಿಸಿಕೊಂಡು ಹೋಯಿತು.

"ಲೇ ನರ್ಸಮ್ಮ!" ಕದಿರಣ್ಣ ಕಿರುಚಿದ. "ಆ ಸೂಳೆಮಗನ್ ಕಂಪ್ಯೂಟರಾಗಿಂದ ನನ್ ಜಗಲಿ ಅಳಿಸು!"

"ನನ್ ಕೈಲಿಲ್ಲ ಸಾರ್. ಜಾಗ ಬದಲಾಯಿಸ್ಬೇಕಂದ್ರೆ ಸರಪಂಚ್ ಅಮ್ಮನೇ ಬರೆದು ಸೈನ್ ಹಾಕ್ಬೇಕು. ನನ್ನೆದುರಿಗೆ."

ನಾವು ಇಳಿಯಲು ಎದ್ದೆವು. ಉಡುಸಲಮ್ಮ ಏಳಲಿಲ್ಲ. ಸೀರೆಯೊಳಗಿಂದ ಉಂಡೆ ತೆಗೆದು ಪಕ್ಕಕ್ಕಿಟ್ಟಳು. ಹೊಟ್ಟೆ ಪೂರ್ತಿ ಇಳಿಯಲಿಲ್ಲ.

"ನಂದು ನಿಜ್ವಾಗ್ಲೂ ಕಣ್ರೇ," ಅಂದಳು ನಾಚಿಕೊಂಡು. "ಐದು ತಿಂಗ್ಳು. ಆಷಾಢಕ್ಕೆ. ಅಲ್ಲೀಗಂಟ ಇಲ್ಲೇ ಕಾಯ್ತೀನಿ. ಕಂಪ್ಯೂಟರು ಹೇಳೈತಲ್ಲ."

ನಾವೂ ಕೂತುಬಿಟ್ಟೆವು.

ಬಾಗಿಲಲ್ಲಿ ದ್ರಾಕ್ಷಾಯಣಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಉಡುಸಲಮ್ಮ ಅವಳ ಕಡೆ ತಿರುಗಿದಳು.

"ಅಮ್ಮಾ, ಕುಡಿಯಕ್ಕೆ ನೀರು ಕೊಡ್ರಿ. ಬೊಗಸೆಗೆ ಹುಯ್ಯಬ್ಯಾಡ್ರಿ. ಲೋಟದಾಗೆ ಕೊಡ್ರಿ."

"ಏಯ್, ಪೆನ್ನು ತಗಂಬಾರೇ!" ಅಂಗಳದಿಂದ ಕದಿರಣ್ಣ ಕೂಗಿದ. "ಪೆನ್ನು, ಹಾಳೆ!"

ಸರಪಂಚಿ ಅವನನ್ನು ನೋಡಿದಳು. ನಮ್ಮನ್ನು ನೋಡಿದಳು. ಒಳಗೆ ಹೋದಳು.

ಬಾಗಿಲು ತೆರೆದೇ ಇತ್ತು, ಒಳಗೆ ಕತ್ತಲೆ. ಏನನ್ನೋ ಹುಡುಕುತ್ತಿರುವ ಸದ್ದು. ಕಾಂಪೌಂಡಿನ ಮೇಲಿನ ತಲೆಗಳು ಇನ್ನಷ್ಟು ಮೇಲೆದ್ದವು. ಕದಿರಣ್ಣ ಬಿಸಿಲಿಗೆ ಒಂದು ಕಾಲೆತ್ತಿ ಇನ್ನೊಂದು ಕಾಲಿಟ್ಟ. ನಾವು ಬಾಗಿಲ ಕಡೆ ನೋಡುತ್ತ, ಒಬ್ಬೊಬ್ಬರಾಗಿ, ಜಗಲಿಯ ಮೇಲೆ ಕಾಲು ಚಾಚಿದೆವು.