ಮಾವ ಮೂಸಿದ ಪೆಟ್ಟಿಗೆ

ಮಾವನಿಗೆ ತಮ್ಮ ಮೂಗಿನ ಮೇಲೆ ಎಷ್ಟು ಹೆಮ್ಮೆಯೆಂದರೆ, ಅಂಗಡಿಯ ಬೋರ್ಡಿನಲ್ಲೂ ಅದರ ಚಿತ್ರ ಬರೆಸಲು ಹೊರಟಿದ್ದರು. ಮಗಳು ಅಡ್ಡ ಬಂದಳು, ಇಲ್ಲದಿದ್ದರೆ ಬೀದಿಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿ ಅದು. ಕೆಳಗೆ ಅಂಗಡಿ, ಮೇಲೆ ಮನೆ, ಹಿಂಬದಿಯಲ್ಲಿ ಎರಡನ್ನೂ ಸೇರಿಸುವ ಇಕ್ಕಟ್ಟಾದ ಮೆಟ್ಟಿಲು. ಮೇಲೆ ಮಗಳು ಡಿಟಿಪಿ ಮಾಡುತ್ತಿದ್ದಳು. ಪ್ರೆಸ್ಸಿನವರು ಕಳಿಸಿದ ಹಸ್ತಪ್ರತಿಗಳನ್ನು ಟೈಪು ಮಾಡಿ ಪುಟ ಕಟ್ಟಿಕೊಡುವ ಕೆಲಸ. ಕೆಳಗೆ ಮಾವ ಮತ್ತು ಅಳಿಯ. ಅಳಿಯನೆಂದರೆ ಮನೆಯಳಿಯ. ಆ ಒಂದು ಪದದೊಳಗೆ ಎಷ್ಟು ಅವಮಾನ ಹಿಡಿಸುತ್ತದೆಂದು ಅವನನ್ನೇ ಕೇಳಬೇಕು.

ಕಂಪ್ಯೂಟರಿನೊಳಗೆ ತಾಗಬಾರದ ಎರಡು ತಂತಿ ತಾಗಿದರೆ ಶಾರ್ಟ್ ಸರ್ಕ್ಯೂಟ್. ಅದು ಯಾವಾಗಲೂ ಫಟ್ಟೆಂದು ಹೊಡೆಯುವುದಿಲ್ಲ. ಕೆಲವು ಸಲ ಒಳಗೊಳಗೇ ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗುತ್ತದೆ, ಕೊಳೆತ ಮೀನಿನಂಥ ವಾಸನೆ ಬರುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ. ಆ ವಾಸನೆಗೂ ಬೆಂಕಿಗೂ ನಡುವಿನ ಬಿಡುವಿನಲ್ಲೇ ಮಾವನ ಹೆಸರು ಬೆಳೆದಿತ್ತು. ಕಂಪ್ಯೂಟರಿನ ಪೆಟ್ಟಿಗೆಯನ್ನು ಚಾಲೂ ಮಾಡಿ, ಹಿಂದಿನ ಜಾಲರಿಗೆ ಮೂಗಿಟ್ಟು, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ಸರಿಯಿದ್ದರೆ "ಹೂವು!" ಕೆಟ್ಟಿದ್ದರೆ "ಹೆಣ!" ಹೂವಾದ ಪೆಟ್ಟಿಗೆಯ ನೆತ್ತಿಯ ಮೇಲೆ ಸೀಮೆಸುಣ್ಣದ ಗೀಟು ಬೀಳುತ್ತಿತ್ತು. ಗೀಟು ಬಿದ್ದ ಪೆಟ್ಟಿಗೆಯನ್ನು ಯಾರೂ ಮತ್ತೆ ಬಿಚ್ಚುವಂತಿಲ್ಲ, ಅದು ಅಲ್ಲಿಯ ಕಾನೂನು. ಅವರು ಮೂಸುವುದನ್ನು ನೋಡಲೆಂದೇ ಗಿರಾಕಿಗಳು ನಿಲ್ಲುತ್ತಿದ್ದರು, ಮಾವನೂ ಅವರಿಗಾಗಿ ಒಂದು ಉಸಿರು ಹೆಚ್ಚೇ ಎಳೆಯುತ್ತಿದ್ದರು.

ಅಳಿಯನದು ಮೀಟರು. ಎರಡು ಕಡ್ಡಿಗಳನ್ನು ತಂತಿಗಳಿಗೆ ತಾಗಿಸಿದರೆ, ಒಳಗೆ ಶಾರ್ಟ್ ಇದ್ದಲ್ಲಿ ಅದು ಪೀಂ ಎನ್ನುತ್ತದೆ. ಆ ಸದ್ದು ಕೇಳಿದರೆ ಸಾಕು, ಮಾವ ಗಿರಾಕಿಗಳತ್ತ ತಿರುಗುತ್ತಿದ್ದರು.

"ನಮ್ಮ ಅಳಿಯಂದ್ರು ಪೀಪಿ ಊದೋದ್ರಲ್ಲಿ ಎಂ.ಎ. ಮಾಡಿದಾರೆ. ಯಾರದ್ದಾದ್ರೂ ಮದ್ವೆ ಇದ್ರೆ ಹೇಳಿ, ಕಳಿಸಿಕೊಡ್ತೀನಿ."

ಗಿರಾಕಿಗಳು ನಗುತ್ತಿದ್ದರು. ಅಳಿಯನೂ ನಗುತ್ತಿದ್ದ. ಬೇರೆ ಏನು ಮಾಡಲು ಬರುತ್ತದೆ? ಅನ್ನ ಅವರ ಮನೆಯದು, ಹಾಸಿಗೆ ಅವರ ಮನೆಯದು, ಕೂರುವ ಸ್ಟೂಲೂ ಅವರದೇ. ಮಾವನ ಕುರ್ಚಿಗೆ ಕೈಗಳಿದ್ದವು, ಚಕ್ರಗಳಿದ್ದವು. ಅದರಲ್ಲಿ ಒಮ್ಮೆ ಕೂತು ಮಾವನನ್ನು ಎದುರು ನಿಲ್ಲಿಸಿಕೊಳ್ಳಬೇಕು ಎಂಬುದೊಂದೇ ಅವನ ಆಸೆ. ಸಣ್ಣ ಮನುಷ್ಯನಿಗೆ ಸಣ್ಣ ಆಸೆ, ಆದರೆ ಅದು ಹುಣ್ಣಾಗಿ ಬೆಳೆದಿತ್ತು.

ಹೀಗಿರುವಾಗ ಮಾವನಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಎದ್ದು ಬಂದು ಕುರ್ಚಿಯಲ್ಲಿ ಕೂತರು, ಮೂಸಿದರು, ಗೀಟು ಎಳೆದರು. ಎಲ್ಲ ಮೊದಲಿನಂತೆಯೇ. ಒಂದು ಬೆಳಿಗ್ಗೆ ಮೇಲೆ ಒಲೆಯ ಮೇಲೆ ಹಾಲು ಸೀದುಹೋಯಿತು. ಸೀದ ವಾಸನೆ ಮೆಟ್ಟಿಲಿಳಿದು ಅಂಗಡಿ ತುಂಬಿತು, ಗಿರಾಕಿಯೊಬ್ಬಳು ಮೂಗಿಗೆ ಸೆರಗು ಹಿಡಿದಳು. ಮಾವ ಮಾತ್ರ ಪೆಟ್ಟಿಗೆಯ ಜಾಲರಿಯಿಂದ ಮುಖ ಎತ್ತಿ, ಏನೂ ಆಗದವರಂತೆ "ಹೂವು!" ಎಂದರು.

ಅಳಿಯನಿಗೆ ಹಾಲು ಕುಡಿದಷ್ಟು ಖುಷಿಯಾಯಿತು. ಮುದುಕನ ಮೂಗು ಸತ್ತಿದೆ! ಸತ್ತದ್ದು ಅವರಿಗೂ ಗೊತ್ತು, ಆದರೆ ಗೊತ್ತಿಲ್ಲದವರಂತೆ ನಟಿಸುತ್ತಿದ್ದಾರೆ. ಅಂದೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಇಬ್ಬರೇ ಇರುವಾಗ ಹೇಳಿದರೆ ಏನು ಸುಖ? ನಾಲ್ಕು ಜನರೆದುರು ಹೇಳಬೇಕು, ಅವರು ನಗಬೇಕು, ಮಾವ ತಲೆ ತಗ್ಗಿಸಬೇಕು.

ಅಲ್ಲಿಯವರೆಗೆ ಅಂಗಡಿಯ ಹೆಸರು ಕೆಡಬಾರದು. ನಾಳೆ ತನ್ನದಾಗುವ ಅಂಗಡಿ ತಾನೆ! ಹಾಗಾಗಿ ಮಾವ ಊಟಕ್ಕೆ ಮೇಲೆ ಹೋದಾಗ, ಗೀಟು ಬಿದ್ದ ಪೆಟ್ಟಿಗೆಗಳನ್ನು ಕದ್ದು ಬಿಚ್ಚುತ್ತಿದ್ದ. ಮೀಟರು ಹಿಡಿಯುತ್ತಿದ್ದ, ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಸ್ಪಿರಿಟ್ ಸವರಿ ಎಲ್ಲಿ ಬೇಗ ಆರುತ್ತದೆ, ಅಂದರೆ ಎಲ್ಲಿ ಬಿಸಿಯಿದೆ ಎಂದು ನೋಡುತ್ತಿದ್ದ. ಕೆಟ್ಟದ್ದನ್ನು ಸರಿಮಾಡಿ, ಗೀಟು ಅಳಿಸಿಹೋಗದಂತೆ ಮುಚ್ಚುತ್ತಿದ್ದ. ಮಾವನ ಹೂವುಗಳೆಲ್ಲ ಹೀಗೆ ಹೂವಾಗಿಯೇ ಉಳಿದವು. ಮೆಟ್ಟಿಲ ಮೇಲಿನ ತಿರುವಿನಲ್ಲಿ ಹೆಂಡತಿ ಆಗಾಗ ನಿಂತು ನೋಡುವುದು ಅವನ ಕಣ್ಣಿಗೆ ಬಿದ್ದಿತ್ತು. ಅವಳು ಏನೂ ಕೇಳುತ್ತಿರಲಿಲ್ಲ. ಅಂಥ ದಿನಗಳಲ್ಲಿ ರಾತ್ರಿ ಊಟಕ್ಕೆ ತುಪ್ಪ ಸ್ವಲ್ಪ ಜಾಸ್ತಿ ಬೀಳುತ್ತಿತ್ತು. ಯಾಕೆಂದು ಅವನು ಯೋಚಿಸಲಿಲ್ಲ, ತಿಂದ.

ಕಾಲೇಜೊಂದರ ಪ್ರಿನ್ಸಿಪಾಲರು ತಮ್ಮ ಲ್ಯಾಬಿಗೆ ಪೆಟ್ಟಿಗೆಗಳನ್ನು ಕೊಳ್ಳಲು ಖುದ್ದಾಗಿ ಬರುತ್ತಾರೆಂದು ತಿಳಿದಾಗ ಅವನ ದಿನ ಬಂದಂತಾಯಿತು. ಡ್ರಾಯರಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಕನೆಕ್ಟರನ್ನು ಜೋಪಾನ ಮಾಡಿದ್ದ; ಡಿಸ್ಕಿಗೆ ಕರೆಂಟು ಕೊಡುವ ಬೆರಳುದ್ದದ ತಂತಿ. ಅದರ ತುದಿಯ ಪ್ಲಾಸ್ಟಿಕ್ಕು ಕಂದಿತ್ತು, ಒಳಗೆ ತಂತಿಗಳು ಒಂದಕ್ಕೊಂದು ಹತ್ತಿರ ಸರಿದಿದ್ದವು. ತಣ್ಣಗಿದ್ದಾಗ ಮೀಟರೂ ಸುಮ್ಮನಿರುತ್ತದೆ. ಬಿಸಿಯೇರುತ್ತ ಹೋದಂತೆ ತಾಗುತ್ತವೆ. ಆದರೆ ಮೂಗಿದ್ದ ಯಾರಿಗಾದರೂ ಜಾಲರಿಯ ಹತ್ತಿರ ಹೋದ ಕೂಡಲೇ ವಾಂತಿ ಬರುವಂಥ ನಾತ. ಅಂಗಡಿ ತೆರೆಯುವ ಮೊದಲೇ ಅದನ್ನು ಚೆನ್ನಾದ ಒಂದು ಪೆಟ್ಟಿಗೆಯೊಳಗೆ ಸಿಕ್ಕಿಸಿ, ಸ್ಕ್ರೂ ಬಿಗಿದು, ಮೇಜಿನ ಮೇಲಿಟ್ಟ. ಮಾವ ಹೂವು ಅನ್ನುತ್ತಾರೆ, ನಾನು ಬಿಚ್ಚಿ ಪ್ರಿನ್ಸಿಪಾಲರಿಗೆ ತೋರಿಸುತ್ತೇನೆ, ಅಷ್ಟೆ.

ಪ್ರಿನ್ಸಿಪಾಲರು ಬಂದರು. ಮಾವ ಮೂಗಿಟ್ಟರು, ಕಣ್ಣು ಮುಚ್ಚಿದರು, ಆ ಕೊಳೆತ ನಾತವನ್ನು ಎದೆ ತುಂಬ ಎಳೆದುಕೊಂಡು ಮುಗುಳ್ನಕ್ಕರು.

"ಹೂವು ಸ್ವಾಮಿ, ಹೂವು!"

ಗೀಟು ಬಿತ್ತು. ಅಳಿಯ ಸ್ಕ್ರೂಡ್ರೈವರಿಗೆ ಕೈ ಹಾಕಿದ. ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನು ಬಡಿದುಕೊಂಡಿತು, ಅವರು ಮಾತಾಡುತ್ತ ಬೀದಿಗಿಳಿದರು. ಮಾವ ಅಳಿಯನನ್ನು ನೋಡಿ, "ಏನು ನಿಂತುಬಿಟ್ರಿ ಗರುಡಗಂಬದ ಹಾಗೆ? ಗೋಡೌನಿಂದ ಮಾನಿಟರ್ ತರಬಾರದಾ?" ಎಂದರು. ಪ್ರೇಕ್ಷಕರೇ ಇಲ್ಲದ ಮೇಲೆ ಆಟ ಯಾರಿಗೆ? ಹಲ್ಲು ಕಚ್ಚಿಕೊಂಡು ಪಕ್ಕದ ಓಣಿಯ ಗೋಡೌನಿಗೆ ಹೋದ.

ಮರಳಿ ಬಂದಾಗ ಪ್ರಿನ್ಸಿಪಾಲರು ಕೂತು ಚಹಾ ಕುಡಿಯುತ್ತಿದ್ದರು. ಮೇಜು ಖಾಲಿಯಿತ್ತು.

"ಆ ಪೆಟ್ಟಿಗೆ ಎಲ್ಲಿ ಮಾವ?"

"ನಮ್ಮ ಪುಟ್ಟಿ ಮೇಲೆ ತಗೊಂಡು ಹೋದ್ಲು. ಅವಳದ್ದು ಕೈಕೊಟ್ಟಿದೆ, ಪ್ರೆಸ್ಸಿನವರು ಇವತ್ತೇ ಪುಟ ಬೇಕು ಅಂತ ಕೂತಿದಾರೆ. ಯಾಕೆ, ನಿಮ್ಮ ಪೀಪಿ ಅದರೊಳಗೆ ಬಿಟ್ಟಿದ್ರಾ?"

ಪ್ರಿನ್ಸಿಪಾಲರು ಚಹಾ ಚೆಲ್ಲುವಷ್ಟು ನಕ್ಕರು.

ಅಳಿಯ ಮೆಟ್ಟಿಲಿನತ್ತ ಒಂದು ಹೆಜ್ಜೆ ಇಟ್ಟೂ ಇಟ್ಟ. ಅಲ್ಲೇ ನಿಂತ. ಈಗ ಓಡಿಹೋಗಿ ಸ್ವಿಚ್ಚು ತೆಗೆದರೆ ಮಾವನ ಮಾನ ಉಳಿಯಿತು, ಇಷ್ಟು ದಿನ ಕಾದದ್ದೆಲ್ಲ ನೀರುಪಾಲು. ಆ ನಗು ಇನ್ನೂ ಕಿವಿಯಲ್ಲಿತ್ತು. ಕನೆಕ್ಟರು ಬಿಸಿಯೇರಲು ಹೊತ್ತು ಬೇಕು. ಚಹಾ ಮುಗಿಯಲಿ. ಪ್ರಿನ್ಸಿಪಾಲರನ್ನೂ ಮಾವನನ್ನೂ ಒಟ್ಟಿಗೆ ಮೇಲೆ ಕರೆದುಕೊಂಡು ಹೋಗಿ, ಅವಳೆದುರೇ ಬಿಚ್ಚಿ ತೋರಿಸಿದರಾಯಿತು. ಮಗಳೆದುರು ಆದರೆ ಇನ್ನೂ ಚೆನ್ನ. ನೆನಪಿರಲಿ, ಇದನ್ನು ಅವನು ಗಾಬರಿಯಲ್ಲಿ ಯೋಚಿಸಲಿಲ್ಲ. ಸ್ಟೂಲಿನ ಮೇಲೆ ಕೂತು, ಮಾನಿಟರಿನ ಧೂಳು ಒರೆಸುತ್ತ ಯೋಚಿಸಿದ.

ಪ್ರಿನ್ಸಿಪಾಲರು ನಿಧಾನಕ್ಕೆ ಕುಡಿಯುವ ಜಾತಿ. ಒಂದು ಗುಟುಕಿಗೆ ತಮ್ಮ ಕಾಲೇಜಿನ ಒಂದು ಕಥೆ. ಕೊನೆಗೆ ಲೋಟವನ್ನು ಕೆಳಗಿಡಲು ಹೋದವರು ಅರ್ಧಕ್ಕೆ ನಿಲ್ಲಿಸಿ ಮೂಗು ಅರಳಿಸಿದರು.

"ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ?"

ಮಾವ ಮೊದಲು ಪ್ರಿನ್ಸಿಪಾಲರ ಮುಖ ನೋಡಿದರು, ಆಮೇಲೆ ಅಳಿಯನ ಮುಖ. ಗಾಳಿಯಲ್ಲಿ ಮೂಗೆತ್ತಿದರು. ಅವರ ಕಣ್ಣಿನಲ್ಲಿ ಕಂಡದ್ದು ದಿಗಿಲು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಕದ್ದು ನೋಡುವವರ ಹಾಗೆ ಇಬ್ಬರನ್ನೂ ಮತ್ತೊಮ್ಮೆ ನೋಡಿ, "ಏನಿಲ್ಲ, ಪಕ್ಕದೋರು ಕಸ ಸುಡ್ತಿರಬೇಕು" ಎಂದರು.

ಇಷ್ಟು ದಿನ ಕಾದ ಗಳಿಗೆ ಇದೇ. ಮಾವ ಸಿಕ್ಕಿಬಿದ್ದಿದ್ದರು, ಸಾಕ್ಷಿಯೂ ಎದುರಿಗೇ ಇದ್ದರು. ಆದರೆ ಅದನ್ನು ಸವಿಯಲು ಅಳಿಯ ಅಲ್ಲಿರಲಿಲ್ಲ. ಮೆಟ್ಟಿಲ ಬುಡದಲ್ಲಿದ್ದ ಮರಳಿನ ಬಕೆಟ್ಟನ್ನು ಎತ್ತಿಕೊಂಡು ಮೇಲೆ ಓಡುತ್ತಿದ್ದ, ಮೇಲಿನಿಂದ ಹೆಂಡತಿಯ ಚೀರಾಟ ಕೇಳುತ್ತಿತ್ತು.

ಪೆಟ್ಟಿಗೆಯ ಜಾಲರಿಯಿಂದ ಬೆಂಕಿ ಕಿಟಕಿಯ ನೈಲಾನ್ ಪರದೆಗೆ ಹತ್ತಿತ್ತು. ಪರದೆಯ ಕೆಳಗೆ ಪ್ರೆಸ್ಸಿನವರ ಹಸ್ತಪ್ರತಿಗಳ ಕಟ್ಟು. ಬೇರೆಯವರ ಬರವಣಿಗೆ, ಒಂದೇ ಪ್ರತಿ, ಸುಟ್ಟುಹೋದರೆ ಏನು ಹೇಳಲಿ ಎಂದು ಅವಳು ಎರಡೂ ಕೈಗಳಿಂದ ಪರದೆಯನ್ನು ಕಿತ್ತೆಳೆದಿದ್ದಳು. ಕರಗಿದ ನೈಲಾನು ಬೆರಳುಗಳಿಗೆ ಅಂಟಿಕೊಂಡಿತ್ತು. ಮರಳು ಬೆಂಕಿಯನ್ನು ಆರಿಸಿತು, ಅವಳ ಕೈಗಳನ್ನಲ್ಲ.

ಬೆರಳುಗಳು ಮೊದಲಿನ ಹಾಗೆ ಮಡಚುವುದಿಲ್ಲ, ಟೈಪಿಂಗಿನ ಆಸೆ ಬಿಟ್ಟುಬಿಡಿ ಎಂದು ಆಸ್ಪತ್ರೆಯ ಡಾಕ್ಟರು ನಿಂತಲ್ಲೇ ಹೇಳಿ ಹೋದರು. ಮಾವ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅಳಿಯನನ್ನು ಕಂಡು ಎದ್ದು ನಿಂತರು. ಎದ್ದು ನಿಂತದ್ದು ಅದೇ ಮೊದಲು.

"ನನ್ನ ಮೂಗು ಸತ್ತು ಎಷ್ಟೋ ದಿನ ಆಯ್ತಪ್ಪ. ನಾಚಿಕೆಗೆಟ್ಟು ಮುಚ್ಚಿಟ್ಟೆ. ನನ್ನ ಮಗಳ ಕೈ ನಾನೇ ಸುಟ್ಟೆ." ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಚಿದರು. "ಆ ಕುರ್ಚೀಲಿ ಇನ್ಮೇಲೆ ನೀನೇ ಕೂತ್ಕೊ."

ಅಳಿಯ ಬೇಡ ಎನ್ನಲಿಲ್ಲ. ಸುಟ್ಟದ್ದು ನೀವಲ್ಲ, ನಾನು ಅಂತಲೂ ಹೇಳಲಿಲ್ಲ. ಸೀಮೆಸುಣ್ಣವನ್ನು ಜೇಬಿಗಿಳಿಸಿ ಒಳಗೆ ಹೋದ.

ಹೆಂಡತಿಯ ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ನರ್ಸು ಗಂಜಿಯ ಬಟ್ಟಲನ್ನು ಅವನ ಕೈಗಿತ್ತು ಹೋದಳು.

"ಅಪ್ಪ ಅಳ್ತಿದಾರಾ?" ಎಂದಳು ಹೆಂಡತಿ.

"ಹ್ಞೂಂ. ಮೂಗು ಹೋಗಿತ್ತಂತೆ. ಈಗ ಹೇಳ್ತಾರೆ."

"ನಂಗೆ ಗೊತ್ತಿತ್ತು ರೀ. ಹಾಲು ಸೀದ ದಿನಾನೇ ಗೊತ್ತಾಯ್ತು. ನೀವು ಅಪ್ಪನ ಮರ್ಯಾದೆ ಉಳ್ಸೋಕೆ ಕದ್ದು ಕದ್ದು ಚೆಕ್ ಮಾಡೋದೂ ನೋಡ್ತಿದ್ದೆ. ಎಷ್ಟು ದೊಡ್ಡ ಮನಸ್ಸು ಅಂದ್ಕೊಳ್ತಿದ್ದೆ." ಬಟ್ಟೆ ಸುತ್ತಿದ ಕೈಗಳನ್ನು ಹೊದಿಕೆಯ ಮೇಲೆ ಸರಿಸಿಕೊಂಡಳು. "ಅಪ್ಪ ಹೂವು ಅಂದ್ರು ಅಂತ ನಾನು ಅದನ್ನ ತರ್ಲಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯೋಕೆ ಮುಂಚೆ ನೀವು ಅದನ್ನ ಬಿಚ್ಚಿ ಮುಚ್ಚಿದ್ದು ಮೆಟ್ಟಿಲಿಂದ ನೋಡಿದ್ದೆ. ಅದಕ್ಕೇ ಅದನ್ನೇ ಆರಿಸ್ಕೊಂಡೆ. ಟೈಪ್ ಮಾಡ್ತಾ ಕೂತಾಗ ಒಂಥರಾ ವಾಸನೆ ಬಂತು. ನೀವು ನೋಡಿದೀರಲ್ಲ, ಏನಾಗಲ್ಲ ಅಂತ ಸುಮ್ನಾದೆ."

ಅವನು ಗಂಜಿಯನ್ನು ಚಮಚದಿಂದ ಕಲಕಿದ.

"ನಿಮಗೂ ಕಾಣ್ಲಿಲ್ವಾ?"

"ಇಲ್ಲ," ಎಂದ. "ಕಾಣ್ಲಿಲ್ಲ."

"ಹೋಗ್ಲಿ ಬಿಡಿ. ಮನುಷ್ಯರು ಅಂದ್ಮೇಲೆ ತಪ್ಪಾಗುತ್ತೆ. ನೀವು ಕೊರಗಬೇಡಿ." ತಲೆದಿಂಬಿನ ಮೇಲೆ ಮುಖವನ್ನು ಅವನ ಕಡೆ ಹೊರಳಿಸಿದಳು. "ಹಸಿವಾಗ್ತಿದೆ. ಗಂಜಿ ತುಂಬ ಬಿಸಿ ಇದೆಯಾ, ನೋಡಿ."

ಅವನು ಚಮಚವನ್ನು ತುಟಿಗೆ ತಾಗಿಸಿ ನೋಡಿದ. "ಇಲ್ಲ" ಎಂದ.

ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು.