ಹೊಸ್ತಿಲಲ್ಲಿ ಅಂಟಿದ ಕಾಲು

ನೆಲಕ್ಕೆ ಟೈಲ್ಸ್ ಹಾಕುವ ಅಪ್ಪ ಮನೆಯ ಹೊಸ್ತಿಲ ಹತ್ತಿರ ಬಂದರೆ ಸಾಕು, ಕಂಬದಂತೆ ನಿಂತುಬಿಡುತ್ತಿದ್ದ. ಕೆಲಸದ ಕಟ್ಟಡದಲ್ಲಿ ಅದೇ ಅಪ್ಪ ಮೂರು ಮಹಡಿ ಸರಸರ ಹತ್ತುತ್ತಿದ್ದ, ಟೈಲ್ಸ್ ಮೇಲೆ ಸಲೀಸಾಗಿ ಓಡಾಡುತ್ತಿದ್ದ. ಜೊತೆಗೇ ದುಡಿಯುವ ಮಗ ಇದನ್ನು ಕಣ್ಣಾರೆ ಕಂಡಿದ್ದ.

“ಅಲ್ಲಿ ಜಿಂಕೆ, ಇಲ್ಲಿ ಕಲ್ಲು. ಮನೇಲಿ ಮಾತ್ರ ಯಾಕಪ್ಪಾ ಈ ನಾಟಕ?”

“ಕಾಲು ಏಳ್ತಿಲ್ಲ ಕಣೋ. ನೆಲಕ್ಕೆ ಅಂಟ್ಕೊಂಡಿದೆ.”

“ಗೋಂದು ಹಚ್ಚಿದ್ದು ಯಾರು, ನಾನಾ?”

ಬಸ್ಸಿಗೆ ಹೊತ್ತಾಗಿತ್ತು. ಮಗ ತೋಳು ಹಿಡಿದು ಎಳೆದ. ಮೈ ಮುಂದೆ ಬಂತು, ಕಾಲು ಬರಲಿಲ್ಲ. ಮುಗ್ಗರಿಸಿ ಬಿದ್ದ ಅಪ್ಪನ ಬಲಗೈ ಮಣಿಕಟ್ಟು ಪುಡಿಯಾಯಿತು.

ಮೂಳೆ ಡಾಕ್ಟರು ನಡಿಗೆ ನೋಡಿ ನರದ ಡಾಕ್ಟರ ಬಳಿ ಕಳಿಸಿದರು. ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು. ಮಗನಿಗೆ ಆಗಲೂ ನಂಬಿಕೆಯಿಲ್ಲ. ಅಪ್ಪನನ್ನು ನೋಡಲು ಆಸ್ಪತ್ರೆಯಿಂದ ಮನೆಗೆ ಬಂದ ನರ್ಸಮ್ಮನ ಮೇಲೇ ಹರಿಹಾಯ್ದ.

“ಮೆಟ್ಟಿಲು ಹತ್ತೋನಿಗೆ ಹೊಸ್ತಿಲು ದಾಟಕ್ಕಾಗಲ್ವಾ? ನಮ್ಮ ಕಿವಿಗೆ ಹೂವಿಡಬೇಡಿ ಅಕ್ಕಾ.”

“ಕಾಲಲ್ಲಿ ಬಲ ಇದೆ ತಮ್ಮಾ. ನಡಿ, ನಿಲ್ಲು ಅಂತ ಹೇಳೋದು ಮಿದುಳು. ಈ ಕಾಯಿಲೇಲಿ ‘ನಿಲ್ಲು’ ಅನ್ನೋದು ಒಮ್ಮೊಮ್ಮೆ ಬಿಗಿಯಾಗಿ ಹಿಡ್ಕೊಳ್ಳುತ್ತೆ, ‘ನಡಿ’ ಅನ್ನೋದು ಕಾಲಿಗೆ ಮುಟ್ಟಲ್ಲ. ಬಾಗಿಲು, ತಿರುವು, ಅವಸರ ಇದ್ರಂತೂ ಮುಗೀತು. ಮೆಟ್ಟಿಲೋ ಟೈಲ್ಸ್ ಸಂದಿನ ಗೆರೆಯೋ ಕಣ್ಣಿಗೆ ಕಂಡ್ರೆ ಮಿದುಳು ಬೇರೆ ದಾರಿ ಹಿಡಿದು ಕಾಲು ಎತ್ತಿಸುತ್ತೆ. ನೀನು ಎಳೆದ್ರೆ ಬೀಳ್ತಾರೆ, ಅಷ್ಟೇ.”

ಹೊಸ್ತಿಲ ಮುಂದಿನ ಬೋಳು ಸಿಮೆಂಟಿಗೆ ಆಕೆ ಬಣ್ಣದ ಟೇಪು ಅಡ್ಡ ಅಂಟಿಸಿದಳು.

“ಯಜಮಾನ್ರೇ, ಅವಸರ ಬೇಡ. ಉಸಿರು ಬಿಡಿ. ಭಾರ ಎಡಕ್ಕೆ, ಬಲಕ್ಕೆ. ಈಗ ಪಟ್ಟಿ ದಾಟಿ ಒಂದು ದೊಡ್ಡ ಹೆಜ್ಜೆ.”

ಅಪ್ಪ ದಾಟಿದ. ಮಗನ ಮುಖ ಕಪ್ಪಿಟ್ಟಿತು.

“ತಪ್ಪಾಯ್ತಪ್ಪಾ.”

“ಎರಡು ವರ್ಷದಿಂದ ಇದನ್ನೇ ಬಡ್ಕೊಂಡೆ. ನನ್ನ ಮಾತು ನಂಬೋಕೆ ನನ್ನ ಕೈಯೇ ಮುರೀಬೇಕಿತ್ತೇನೋ?”

ಈಗ ಮಗ ಎಳೆಯುವುದಿಲ್ಲ, ಪಕ್ಕದಲ್ಲಿ ನಿಂತು ಕಾಯುತ್ತಾನೆ. ಆದರೆ ಮಣಿಕಟ್ಟು ಸೊಟ್ಟಗೆ ಕೂಡಿತು. ಆ ಕೈಯಲ್ಲಿ ಸಿಮೆಂಟು ಬಳಿಯುವ ಕರಣೆ ನಿಲ್ಲುವುದಿಲ್ಲ. ಅಪ್ಪ ಮನೆಯಲ್ಲೇ ಇದ್ದಾನೆ.

ಓದುವವರೇ, ನಿಮ್ಮ ಮನೆಯಲ್ಲಿ ಯಾರಾದರೂ ನಡೆಯುತ್ತಾ ನಡೆಯುತ್ತಾ ನಿಂತುಬಿಟ್ಟರೆ ನಾಟಕ, ಸೋಮಾರಿತನ, ಕುಡಿತ ಎಂದು ನಾಲಿಗೆ ಹರಿಬಿಡಬೇಡಿ. ಎಳೆಯಬೇಡಿ, ನೂಕಬೇಡಿ. ನರದ ಡಾಕ್ಟರಿಗೆ ತೋರಿಸಿ, ಕೊಟ್ಟ ಮಾತ್ರೆಯ ಹೊತ್ತು ತಪ್ಪಿಸಬೇಡಿ. “ಕಾಲು ಏಳ್ತಿಲ್ಲ” ಎಂದರೆ ಇವತ್ತೇ ನಂಬಿ. ಬಿದ್ದ ಮೇಲೆ ನಂಬಿದರೆ ಆ ನಂಬಿಕೆ ಯಾವ ಸುಡುಗಾಡಿಗೆ ಬೇಕು?