ಮೊದಲ ಓ

"ಅವ್ವಾ" ಅಂತ ಕರೆದು ಕೆರಿಯಮ್ಮ ಹಾಡು ನಿಲ್ಲಿಸಿದಳು. ಹಿಂದಿನ ಚಾಪೆಯಿಂದ ಬರಬೇಕಾಗಿದ್ದ "ಓ" ಬರಲಿಲ್ಲ.

ಮದುವೆ ಚಪ್ಪರದಲ್ಲಿ ನೂರಿನ್ನೂರು ಜನ ಕೂತಿದ್ದರು. ಹೆಣ್ಣಿನ ಅಪ್ಪ ಜಟ್ಟಪ್ಪ ಪಾನಕದ ಚೊಂಬು ಹಿಡಿದು ಬೀಗರ ಸಾಲಿನಲ್ಲಿ ಬಗ್ಗಿದ್ದವನು ಬಗ್ಗಿದ ಹಾಗೇ ತಲೆ ಎತ್ತಿ ನೋಡಿದ. ಹಿಂದಿನ ಚಾಪೆಯ ಎಂಟು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಎಲ್ಲರೂ ನಡುವೆ ಕೂತಿದ್ದ ಮಾಸ್ತಮ್ಮನ ಕಡೆ ತಿರುಗಿದರು. ಅವಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡಳು.

ಸಾಗರ ಸೀಮೆಯ ಆ ಊರಿನಲ್ಲೂ ಸುತ್ತುಮುತ್ತಲೂ ನಿಂಗಿಯ ಹಾಡಿಲ್ಲದೆ ಮದುವೆ ಮುಗಿಯುವುದಿಲ್ಲ. ಏಳು ಹೊಳೆಯಾಚೆಗೆ ಕೊಟ್ಟ ನಿಂಗಿ, ಅತ್ತೆ ಹೇಳಿದ ಕೆಲಸವನ್ನೆಲ್ಲ ಮಾಡಿ ಮುಗಿಸಿ, ಏಳು ಹೊಳೆಯನ್ನೂ ದಾಟಿ ಹಬ್ಬಕ್ಕೆ ತೌರಿಗೆ ಬರುವ ಕಥೆ ಅದು. ಮುಂದಿನ ಚಾಪೆಯಲ್ಲಿ ಒಬ್ಬಳು ಕೂತು ಸಾಲು ಹೇಳಬೇಕು, ಹಿಂದಿನ ಚಾಪೆಯವರು ಅದನ್ನೇ ತಿರುಗಿ ಹೇಳಬೇಕು. ಇದಕ್ಕೆ ಸೊಲ್ಲು ಕೊಡುವುದು ಅನ್ನುತ್ತಾರೆ. ಸೊಲ್ಲು ಸಿಗದ ಸಾಲು ಹಾಡಿದ ಹಾಗಲ್ಲ. ಕಡೆಯ ಹೊಳೆಯ ದಡದಲ್ಲಿ ನಿಂತು ನಿಂಗಿ ಅವ್ವನನ್ನು ಕರೆಯುವ ಜಾಗಕ್ಕೆ ಬಂದಾಗ ಹಿಂದಿನವರೆಲ್ಲ ಒಟ್ಟಿಗೆ "ಓ" ಅಂದು ಗಂಡಿನ ಕಡೆಯವರ ಮೇಲೆ ಅಕ್ಕಿ ಎರಚುತ್ತಾರೆ. ಅಲ್ಲಿಂದಾಚೆಗೆ ಬರೀ ತಮಾಷೆ. ನಿಂಗಿಯ ಅತ್ತೆಯ ಜಿಪುಣತನ, ಗಂಡನ ಹೊಟ್ಟೆಬಾಕತನ ಎಲ್ಲ ಒಂದೊಂದಾಗಿ ಹೊರಗೆ ಬಂದು ಬೀಗರು ತಲೆ ತಗ್ಗಿಸಿ ನಗುತ್ತಾರೆ. ಹಾಡು ನಡುವೆ ನಿಂತುಹೋದರೆ ಮಾತ್ರ ಆ ಹೆಣ್ಣಿಗೆ ತೌರಿನ ಬಾಗಿಲು ನೆಟ್ಟಗೆ ತೆರೆಯುವುದಿಲ್ಲ ಅಂತ ನಂಬಿಕೆ.

ಹಾಡು ಮುಗಿಸಿದವಳಿಗೆ ಇನ್ನೊಂದು ಕೆಲಸವೂ ಉಂಟು. ಊಟವಾದ ಮೇಲೆ ಹೆಣ್ಣಿನ ಗಾಡಿ ಊರ ಹಳ್ಳ ದಾಟುವಾಗ ಮದುಮಗಳು ನಿಂಗಿಯ ಹಾಗೇ ತಿರುಗಿ ಒಂದು ಸಲ ಅವ್ವನನ್ನು ಕರೆಯುತ್ತಾಳೆ. ಮನೆಯಂಗಳದಿಂದ ಮೊದಲ ಓ ಅನ್ನುವ ಹಕ್ಕು ಹಾಡಿದವಳದು, ಆಮೇಲೆ ಉಳಿದವರದು. ಅದಕ್ಕೇ ಅವಳಿಗೆ ಒಂದು ರವಿಕೆ ಕಣ, ಎಲೆಯಡಿಕೆ, ತೆಂಗಿನಕಾಯಿ.

ಮೂವತ್ತು ವರ್ಷದಿಂದ ಮುಂದಿನ ಚಾಪೆ ಮಾಸ್ತಮ್ಮನದು. ಅವಳ ಹತ್ತಿರ ಇದ್ದ ಕಣಗಳಲ್ಲಿ ಅರ್ಧಕ್ಕರ್ಧ ಹೊಲಿಸದೆಯೇ ಪೆಟ್ಟಿಗೆಯಲ್ಲಿದ್ದವು. ಯಾರಾದರೂ ಬಂದರೆ ತೆಗೆದು ತೋರಿಸಿ, ಇದು ಯಾರ ಮದುವೆಯದು, ಇದು ಯಾರದು ಅಂತ ಹೇಳುತ್ತಿದ್ದಳು. ಅವಳ ಹಾಡು ಭತ್ತ ಕುಟ್ಟುವ ಹಾಗೆ ನೆಟ್ಟಗೆ, ಬಿರುಸಾಗಿ ಹೋಗುತ್ತಿತ್ತು. ಈ ಸಲ ಮಾಗಿಯಲ್ಲಿ ಹತ್ತಿದ ಕೆಮ್ಮು ಯುಗಾದಿ ಕಳೆದರೂ ಬಿಡದೆ ಗಂಟಲು ಕೆಟ್ಟು ಕೂತಿತು. ಹೆಣ್ಣಿನ ತಾಯಿ ಯಮುನಮ್ಮ ಎರಡು ವಾರ ಕಾದು ನೋಡಿ, ಮಾಸ್ತಮ್ಮನನ್ನು ಒಂದು ಮಾತೂ ಕೇಳದೆ ಕೆರಿಯಮ್ಮನಿಗೆ ವೀಳ್ಯ ಕೊಟ್ಟುಬಿಟ್ಟಳು. ನಿಂಗಿಯ ಹಾಡು ಪೂರ್ತಿ ಬರುವವರು ಅಂತ ಊರಿನಲ್ಲಿ ಇನ್ನಿದ್ದವಳು ಅವಳೊಬ್ಬಳೇ.

ಊರಿನಲ್ಲಿ ಅನ್ನುವುದೂ ತಪ್ಪು. ಕೆರಿಯಮ್ಮ ಮುಳುಗಡೆಯವಳು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ವರ್ಷ, ಹೊಳೆಬಾಗಿಲ ಕಡೆಯಿಂದ ಹನ್ನೊಂದು ಮನೆಯವರು ಹಂಚು, ಬಾಗಿಲು, ಒರಳು ಎಲ್ಲ ಗಾಡಿಗೆ ಹೇರಿಕೊಂಡು ಬಂದಿದ್ದರು. ಜಟ್ಟಪ್ಪನ ಮನೆಯ ಹಿತ್ತಿಲಿನಿಂದ ಏರುವ ಗುಡ್ಡದಲ್ಲಿ ಅವರಿಗೆ ಜಾಗವಾಯಿತು. ಊರಿನ ದನ ಮೇಯುತ್ತಿದ್ದ ಗುಡ್ಡ ಅದು. ದನ ಎರಡು ಮೈಲಿ ಸುತ್ತಿ ಮೇಯಲು ಹೋಗಬೇಕಾಗಿ ಬಂದದ್ದನ್ನು ಊರು ಇನ್ನೂ ಮರೆತಿರಲಿಲ್ಲ. ಗುಡ್ಡದವರ ಜೊತೆ ಸಾಮಾನು ಕೊಟ್ಟು ತೆಗೆದುಕೊಳ್ಳುವಷ್ಟು ಮಾತಿತ್ತು, ಕೆಲಸಕ್ಕೆ ಕರೆಯುವುದಿತ್ತು, ಅಷ್ಟೇ. ಮಾಸ್ತಮ್ಮನಂತೂ ಅವರ ಬಾವಿಯ ಹಗ್ಗವನ್ನೂ ಮುಟ್ಟಿದವಳಲ್ಲ.

ಅಂಥವಳು ಮುಂದಿನ ಚಾಪೆಯಲ್ಲಿ ಕೂತು ಹಾಡು ಎತ್ತಿದಾಗ ಮಾಸ್ತಮ್ಮನಿಗೆ ಮೈಯೆಲ್ಲ ಉರಿಯಿತು. ಬಿದ್ದುಹೋಗಲಿ, ಒಂದು ಸಾಲಾದರೂ ಮರೆಯಲಿ ಅಂತ ಅವಳು ಕಾದಳು. ಮರೆಯಲಿಲ್ಲ. ಮಾತೆಲ್ಲ ಅದೇ, ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. ಆದರೆ ಮಾಸ್ತಮ್ಮ ಒಂದೇ ಉಸಿರಿಗೆ ದಾಟಿಸುತ್ತಿದ್ದ ಹೊಳೆಗಳನ್ನು ಕೆರಿಯಮ್ಮ ಒಂದೊಂದಾಗಿ ದಾಟಿದಳು. ಮೂರನೆಯ ಹೊಳೆಗೆ ಬರುವಷ್ಟರಲ್ಲಿ ಸೊಲ್ಲು ಕೊಡುವವರಿಗೆ ಯಾವಾಗ ಎತ್ತಬೇಕು ಅಂತಲೇ ತಿಳಿಯದಾಯಿತು. ಪಕ್ಕದವಳು ಇದೇನು ಮಾಸ್ತಮ್ಮಕ್ಕ, ಹಾಡೋ ಜೋಗುಳವೋ ಅಂತ ಕಿವಿಯಲ್ಲಿ ಅಂದಳು. ಇನ್ನೊಬ್ಬಳು ಆಕಳಿಸಿ ತೋರಿಸಿದಳು. ಗಂಡಿನ ಕಡೆಯ ಕೆಲವು ಗಂಡಸರು ಬೀಡಿ ಹಚ್ಚಿಕೊಂಡು ಎದ್ದು ಆಚೆ ಹೋದರು. ಮಾಸ್ತಮ್ಮನಿಗೆ ಒಳಗೊಳಗೇ ಸಮಾಧಾನವಾಗುತ್ತಾ ಬಂತು.

ಆಮೇಲೆ ಏಳನೆಯ ಹೊಳೆ ಬಂತು.

"ದಡದ ಮ್ಯಾಲೆ ನಿಂತಾಳೆ, ದನಿಯೆತ್ತಿ ಕರೆದಾಳೆ,
ಬಾಗಿಲ ತೆಗೆಯೆ ಬಂದೀನಿ, ಅವ್ವಾ"

ಕೆರಿಯಮ್ಮ ಕರೆದಳು. ಕರೆದು, ತಲೆಯನ್ನು ಸ್ವಲ್ಪ ಓರೆ ಮಾಡಿ ಕಾದಳು. ಚಪ್ಪರ, ಚಾಪೆ, ಹಸೆ ಬರೆದ ಗೋಡೆಯ ಮುಂದೆ ಕೂತ ಮದುಮಗಳು ದುಗ್ಗಿ, ಇದ್ಯಾವುದೂ ಅವಳ ಕಣ್ಣಿಗೆ ಬಿದ್ದ ಹಾಗಿರಲಿಲ್ಲ. ಆಚೆ ದಡದಲ್ಲಿ ಯಾವುದೋ ಮನೆ ಇದೆ, ಅಲ್ಲಿಂದ ಯಾರೋ ಓಗೊಡಬೇಕು, ಅದಕ್ಕೆ ಕಾಯುತ್ತಿದ್ದಳು.

ಮಾಸ್ತಮ್ಮ ಬೇಕೆಂದೇ ಬಾಯಿ ಮುಚ್ಚಿಕೊಂಡಳು ಅಂತ ಆಮೇಲೆ ಊರು ಅಂದಿತು, ಹೌದು ಅಂತ ಅವಳೂ ಒಪ್ಪಿಕೊಂಡಳು. ನಿಜ ಬೇರೆ ಇತ್ತು. ಮುಷ್ಟಿಯಲ್ಲಿ ಅಕ್ಕಿ ಹಿಡಿದು ಅವಳು ಓ ಅನ್ನಲು ಹೊರಟಿದ್ದಳು. ಅಷ್ಟರಲ್ಲಿ ಅವಳ ಕಣ್ಣ ಮುಂದೆ ಹೊಸನಗರದ ಕಡೆಯ ತನ್ನ ತೌರಿನ ಬಾಗಿಲು ಬಂತು. ಅವ್ವ ಸತ್ತ ಮೇಲೆ ಹದಿನೆಂಟು ವರ್ಷದಿಂದ ಆ ಕಡೆ ಅವಳು ತಲೆ ಹಾಕಿರಲಿಲ್ಲ. ಬಾ ಅನ್ನುವವರು ಯಾರೂ ಇರಲಿಲ್ಲ. ಮೂವತ್ತು ವರ್ಷ ಈ ಹಾಡು ಹಾಡಿದರೂ ಒಂದು ದಿನವೂ ನೆನಪಾಗದ ಬಾಗಿಲು ಈ ಬೀದಿಪಾಲಾದ ಹೆಂಗಸಿನ ಬಾಯಿಂದ ನೆನಪಾಗಬೇಕೆ ಅಂತ ಸಿಟ್ಟು ಬಂತು. ಸಿಟ್ಟಿಗೂ ಮೊದಲು ಗಂಟಲು ಕಟ್ಟಿತ್ತು.

ಯಾರೂ ಓಗೊಡದ್ದಕ್ಕೆ ಕೆರಿಯಮ್ಮ ಇನ್ನೊಂದು ಸಲ ಕರೆದಳು. ಆಗ ಗಂಡಿನ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅದನ್ನು ನೋಡಿ ದುಗ್ಗಿಯೂ ಅತ್ತಳು. ಗಾಡಿ ಹತ್ತುವಾಗ ಅಳಬೇಕಾದ ಅಳು ತಾಳಿಯ ಅರಿಶಿನ ಆರುವ ಮೊದಲೇ ಬಂದು, ಕಾಡಿಗೆ ಕೆನ್ನೆಗಿಳಿಯಿತು.

ಗಂಡಿನ ಅಪ್ಪ ಸುಬ್ಬಪ್ಪ ಹೊಸನಗರದ ಕಡೆಯ ಗಟ್ಟಿ ಕುಳ. ಅವನು ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದ.

"ಏನು ಜಟ್ಟಪ್ಪ ಬೀಗ್ರೆ, ನಮ್ಮನ್ನ ಮದುವೆಗೆ ಕರೆದ್ರಾ, ಹೆಣ ಎತ್ತಕ್ಕೆ ಕರೆದ್ರಾ?"

ಅವನ ಹಿಂದೆ ಹತ್ತಿಪ್ಪತ್ತು ಜನ ಎದ್ದರು. ಒಬ್ಬ ಎತ್ತು ಹೂಡಿ ಅಂದ, ಇನ್ನೊಬ್ಬ ಇಂಥ ಅಪಶಕುನದ ಮನೆಯಲ್ಲಿ ಎಲೆ ಮುಂದೆ ಕೂರುವುದಿಲ್ಲ ಅಂದ. ಜಟ್ಟಪ್ಪ ಚೊಂಬು ಕೆಳಗಿಟ್ಟು ಕೈ ಮುಗಿದ. ಹೆಣ್ಣಿನ ಕಡೆಯವರ ಸಿಟ್ಟೆಲ್ಲ ಮುಂದಿನ ಚಾಪೆಯ ಕಡೆ ತಿರುಗಿತು. ಗೋಮಾಳ ತಿಂದದ್ದು ಸಾಲಲಿಲ್ಲವೇ, ನಮ್ಮ ಹುಡುಗಿಯ ಬಾಳನ್ನೂ ತಿನ್ನಬೇಕೇ ಅಂತ ಯಾರೋ ಕೂಗಿದರು. ಅಲ್ಲಿಯವರೆಗೆ ಆಕಳಿಸುತ್ತಿದ್ದವಳೇ ಈಗ ಎಲ್ಲರಿಗಿಂತ ಜೋರಾಗಿ ಬೈದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಅದಕ್ಕೇ ಅಷ್ಟು ಜೋರು.

ಯಮುನಮ್ಮ ಓಡಿಬಂದು ಮಾಸ್ತಮ್ಮನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕ, ನಂದು ತಪ್ಪಾತು. ಹೆಂಗಾದ್ರೂ ನೀನೇ ಮುಗಿಸಿಕೊಡೆ. ಹಾಡು ನಿಂತ್ರೆ ನನ್ನ ಮಗಳ ಗತಿ ಏನು?"

ಮಾಸ್ತಮ್ಮ ತಕ್ಷಣ ಏಳಲಿಲ್ಲ. ಎಲೆಯಡಿಕೆ ಉಗಿದು ಬಂದು, ಬಾಯಿ ಮುಕ್ಕಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಚಾಪೆಯ ಹತ್ತಿರ ಹೋಗಿ ನಿಂತಳು. ಕೆರಿಯಮ್ಮ ಇನ್ನೂ ಕೂತೇ ಇದ್ದಳು. ಏನಾಯಿತು ಅಂತ ಅವಳಿಗೆ ಈಗಷ್ಟೇ ತಿಳಿಯುತ್ತಿದ್ದ ಹಾಗಿತ್ತು.

"ಒಂದು ಮಾತು ತಪ್ಪಿದ್ರೆ ಹೇಳಿ ಅಕ್ಕ" ಅಂದಳು. "ನಾನು ಕರೆದೆ. ನೀವು ಓಗೊಡ್ಲಿಲ್ಲ."

"ಮುಳುಗಿದ ಮನೆನ ನೀನೇ ಹೊತ್ಕಂಡು ತಿರುಗು ಮಾರಾಯ್ತಿ" ಅಂದಳು ಮಾಸ್ತಮ್ಮ. "ನಮ್ಮ ಚಪ್ಪರದಾಗೆ ತಂದು ಇಳಿಸಬ್ಯಾಡ. ಏಳು."

ಕೆರಿಯಮ್ಮ ಎದ್ದಳು. ಚಪ್ಪರದ ಜನ ಅವಳಿಗೆ ದಾರಿ ಬಿಟ್ಟರು, ಮೈ ತಾಗದ ಹಾಗೆ ಬಿಟ್ಟರು. ಊಟ ಮಾಡಿಕೊಂಡು ಹೋಗು ಅಂತ ಒಬ್ಬರೂ ಅನ್ನಲಿಲ್ಲ. ಅವಳು ಹಿತ್ತಿಲ ಬೇಲಿಯ ಸರಗೋಲು ದಾಟಿ ಬಿಸಿಲಲ್ಲಿ ಗುಡ್ಡ ಏರುವುದು ಮುಂದಿನ ಚಾಪೆಯಿಂದ ಕಾಣುತ್ತಿತ್ತು.

ಮಾಸ್ತಮ್ಮ ಹಾಡು ಎತ್ತಿದಳು. ಗಂಟಲು ಒಡೆದ ಮಡಕೆಯಾಗಿತ್ತು, ಆದರೆ ಬಿರುಸು ಹಳೆಯದೇ. ಏಳನೆಯ ಹೊಳೆಯನ್ನು ಅವಳು ಒಂದೇ ಹೆಜ್ಜೆಗೆ ದಾಟಿದಳು, "ಅವ್ವಾ" ಅಂದವಳು ಉಸಿರು ತೆಗೆದುಕೊಳ್ಳುವ ಮೊದಲೇ ಹಿಂದಿನವರ "ಓ" ಬಂತು. ಕಾದು ಕಾದು ಬೆವೆತಿದ್ದ ಮುಷ್ಟಿಗಳಿಂದ ಅಕ್ಕಿ ಸುಬ್ಬಪ್ಪನ ತಲೆಯ ಮೇಲೆ ಉದುರಿತು. ಅವನು ಕೂತ. ನಿಂಗಿಯ ಅತ್ತೆ ಮಜ್ಜಿಗೆಗೆ ನೀರು ಹಾಕಿದ ಸಾಲಿಗೆ ಗಂಡಿನ ತಾಯಿ ನಕ್ಕಳು. ಎತ್ತು ಹೂಡಿ ಅಂದವನೇ ಸೊಲ್ಲು ಕೊಡತೊಡಗಿದ. ಕಡೆಕಡೆಗೆ ಮಾಸ್ತಮ್ಮನ ಸ್ವರ ಬರೀ ಕರಕರ ಅನ್ನುತ್ತಿತ್ತು, ಸೊಲ್ಲಿನವರೇ ಅವಳನ್ನು ಎಳೆದುಕೊಂಡು ಹೋಗಿ ಹಾಡು ಮುಗಿಸಿದರು. ಯಮುನಮ್ಮ ತಟ್ಟೆಯಲ್ಲಿ ಕಣ ತಂದಳು. ಹಸಿರು ಬಣ್ಣದ್ದು, ಕೆಂಪಂಚು, ಸಾಗರದ ಅಂಗಡಿಯಲ್ಲಿ ಕೆರಿಯಮ್ಮನಿಗೆ ಅಂತಲೇ ಆರಿಸಿ ತಂದದ್ದು. ಮಾಸ್ತಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡಳು. ಊಟದಲ್ಲಿ ಅವಳಿಗೆ ಎರಡು ಹೋಳಿಗೆ ಹೆಚ್ಚು ಬಿತ್ತು. ನುಂಗಿದಾಗ ಗಂಟಲಲ್ಲಿ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು, ಆದರೂ ತಿಂದಳು.

ಹೊತ್ತು ಇಳಿಯುವ ಮೊದಲು ಗಾಡಿ ಹೊರಟಿತು. ರಸ್ತೆಯವರೆಗೆ ಗಾಡಿ, ಅಲ್ಲಿಂದ ಹೊಸನಗರಕ್ಕೆ ಬಸ್ಸು. ಜಟ್ಟಪ್ಪ ಹಳ್ಳದವರೆಗೆ ಗಾಡಿಯ ಜೊತೆ ನಡೆದುಹೋದ. ಹೆಂಗಸರೆಲ್ಲ ಅಂಗಳದ ಅಂಚಿನಲ್ಲಿ ನಿಂತರು, ಮಾಸ್ತಮ್ಮ ಎಲ್ಲರಿಗಿಂತ ಮುಂದೆ. ಗಾಡಿ ಗದ್ದೆಯ ಏರಿಯ ಮೇಲೆ ಹೋಗಿ ಹಳ್ಳದ ಹತ್ತಿರ ನಿಂತಿತು. ದುಗ್ಗಿ ಇಳಿದು, ಮನೆಯ ಕಡೆ ತಿರುಗಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

"ಅವ್ವಾ..."

ಮಾಸ್ತಮ್ಮ ಬಾಯಿ ತೆರೆದಳು. ಗಾಳಿ ಬಂತು. ಸ್ವರ ಬರಲಿಲ್ಲ. ಕೆಮ್ಮಿ, ಎದೆ ಒತ್ತಿಕೊಂಡು ಇನ್ನೊಮ್ಮೆ ನೋಡಿದಳು. ಗಂಟಲಿನಲ್ಲಿ ಏನೂ ಉಳಿದಿರಲಿಲ್ಲ. ಯಮುನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಉಳಿದವರು ಮಾಸ್ತಮ್ಮನ ಬೆನ್ನು ನೋಡುತ್ತಾ ಕಾದರು. ಮೊದಲ ಓ ಹಾಡಿದವಳದು, ಅದಕ್ಕಿಂತ ಮುಂಚೆ ಬಾಯಿ ಹಾಕುವ ಪದ್ಧತಿ ಇಲ್ಲ, ಅವರಿಗೆ ಧೈರ್ಯವೂ ಇರಲಿಲ್ಲ.

ದೂರದಲ್ಲಿ ದುಗ್ಗಿ ಗಾಡಿ ಹತ್ತದೆ ನಿಂತೇ ಇದ್ದಳು. ಎರಡನೆಯ ಸಲ ಕರೆಯುವ ಮದುಮಗಳನ್ನು ಆ ಊರು ಕಂಡಿರಲಿಲ್ಲ. ಅವಳು ಕರೆದಳು. ಈ ಸಲ ಅವಳ ಸ್ವರ ಬೆಳಗ್ಗೆ ಚಪ್ಪರದಲ್ಲಿ ಕೆರಿಯಮ್ಮ ಕರೆದ ಸ್ವರದ ಹಾಗೇ ಇತ್ತು. ಮಾಸ್ತಮ್ಮನಿಗೆ ಭಯವಾಯಿತು.

ಆಗ ಗುಡ್ಡದ ಮೇಲಿಂದ ಓ ಬಂತು. ಉದ್ದಕ್ಕೆ, ಅವಸರವಿಲ್ಲದೆ ಬಂತು. ಮನೆಯ ಮಾಡಿನ ಮೇಲಿಂದ, ಅಂಗಳದ ಹೆಂಗಸರ ತಲೆಯ ಮೇಲಿಂದ, ಗದ್ದೆಬಯಲು ದಾಟಿ ಹಳ್ಳದವರೆಗೂ ಹೋಯಿತು. ಅದು ನಿಂತ ಮೇಲೆ, ಏನು ಮಾಡಬೇಕೆಂದು ತೋಚದೆ, ಅಂಗಳದ ಹೆಂಗಸರೂ ಓ ಅಂದರು. ದುಗ್ಗಿ ಕೈ ಎತ್ತಿದಳು, ಗಾಡಿ ಹತ್ತಿದಳು. ಎತ್ತುಗಳು ನೀರಿಗೆ ಇಳಿದವು.

ಓ ಅನ್ನು ಅಂತ ಅವಳನ್ನು ಯಾರು ಕೇಳಿದ್ದರು ಅಂತ ಯಾರೋ ಗೊಣಗಿದರು. ಜಟ್ಟಪ್ಪ ಗದ್ದೆಯ ಏರಿಯ ಮೇಲೆ ನಡೆದು ವಾಪಸು ಬಂದ. ಕಣ್ಣು ಕೆಂಪಾಗಿತ್ತು, ಆದರೆ ಮುಖ ನಿರಾಳವಾಗಿತ್ತು. ನೇರವಾಗಿ ಮಾಸ್ತಮ್ಮನ ಮುಂದೆ ಬಂದು ನಿಂತ.

"ನಿನ್ನ ಗಂಟಲು ಹೋತು ಅಂದಿದ್ಯಾರಕ್ಕ? ಹಳ್ಳದಾಚೆಗೂ ಕೇಳ್ತು. ಬೀಗರೇ ಅಂದ್ರು, ಓ ಅಂದ್ರೆ ಇದಪ್ಪ ಅಂತ."

ಮಾಸ್ತಮ್ಮ ಏನಾದರೂ ಹೇಳುತ್ತಾಳೇನೋ ಅಂತ ಹೆಂಗಸರು ಕಾದರು. ಅವಳು ಕಂಕುಳಲ್ಲಿದ್ದ ಕಣವನ್ನು ತೆಗೆದು, ಬಿಚ್ಚಿಹೋಗಿದ್ದ ಮಡಿಕೆಯನ್ನು ಸರಿಮಾಡಿ, ಮತ್ತೆ ಅಲ್ಲೇ ಇಟ್ಟುಕೊಂಡಳು. ಚಪ್ಪರದಲ್ಲಿ ಚೆಲ್ಲಿದ್ದ ಅಕ್ಕಿಯನ್ನು ಗುಡಿಸಲು ಯಮುನಮ್ಮ ಕಸಬರಿಗೆ ಹುಡುಕಿದಳು. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋದರು. ಗುಡ್ಡದ ಕಡೆ ಯಾರೂ ತಿರುಗಿ ನೋಡಲಿಲ್ಲ.